ತಳಪಾಯಕ್ಕೆ ಮುನ್ನ ಮಣ್ಣಿನ ಪರೀಕ್ಷೆ, ಪರೀಕ್ಷೆಯ ಮೇಲೆ ಗ್ರಾಮದ ಹಕ್ಕು

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ ಮುಲ್ಲಾಮಾರಿ ನದಿಯ ಸೀಮೆಯ ಊರು. ಈ ಸೀಮೆಯ ಹೊಲಗಳೆಲ್ಲ ಬಹುಮಟ್ಟಿಗೆ ಎರೆ. ಮಳೆಗಾಲದಲ್ಲಿ ಕಾಲಿಗೆ ಅಂಟಿ ಬಿಡದ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಾಯಿ ಬಿಡುವ ಈ ಕಪ್ಪು ಮಣ್ಣು ರೈತನಿಗೆ ಅಪರಿಚಿತವಲ್ಲ. ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವ ಅದರ ಗುಣದಿಂದಲೇ ಜಿಲ್ಲೆ ತೊಗರಿಯ ಕಣಜವೆನಿಸಿದೆ. ೨೦೧೯ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಹೊಲದಲ್ಲಿ ಇಷ್ಟು ಚೆನ್ನಾಗಿ ಅರಿತ ಮಣ್ಣನ್ನು ಮನೆ ಕಟ್ಟುವಾಗ ಊರು ಮರೆಯುತ್ತದೆ. ಗೋಡೆ ಸೀಳಿದಾಗ ಸಿಮೆಂಟು ಕಡಿಮೆಯಾಯಿತೆಂದು ಗುತ್ತಿಗೆದಾರನನ್ನೂ ಕೈ ಸರಿಯಿಲ್ಲವೆಂದು ಗೌಂಡಿಯನ್ನೂ ದಿಕ್ಕು ಸರಿಯಿಲ್ಲವೆಂದು ವಾಸ್ತುವನ್ನೂ ದೂರುವುದುಂಟು. ಗೋಡೆಯ ಕೆಳಗೆ ಯಾವ ಮಣ್ಣಿದೆ, ಅದು ಎಷ್ಟು ಉಬ್ಬುತ್ತದೆ, ಎಷ್ಟು ಇಳಿಯುತ್ತದೆ ಎಂದು ವಿಚಾರಿಸುವವರು ವಿರಳ.

ಈ ಅಲಕ್ಷ್ಯಕ್ಕೆ ಇಂದು ತೆರಬೇಕಾದ ಬೆಲೆ ದೊಡ್ಡದು. ಸಂವಿಧಾನದ ೩೭೧(ಜೆ) ವಿಧಿ ಜಾರಿಗೆ ಬಂದ ಮೇಲೆ ಈ ಭಾಗಕ್ಕೆಂದೇ ಅಭಿವೃದ್ಧಿ ಮಂಡಳಿ, ಪ್ರತ್ಯೇಕ ಅನುದಾನಗಳು ಬಂದಿವೆ. ಶಾಲಾ ಕೊಠಡಿ, ಅಂಗನವಾಡಿ, ಸಮುದಾಯ ಭವನ, ವಸತಿ ಯೋಜನೆಯ ಮನೆ, ನೀರಿನ ಮೇಲ್ತೊಟ್ಟಿಗಳು ಹಳ್ಳಿ ಹಳ್ಳಿಗೂ ಬರುತ್ತಿವೆ. ಇವೆಲ್ಲ ಜನರ ಹಣ. ಇವುಗಳೊಳಗೆ ಕೂರುವವರು ಜನರ ಮಕ್ಕಳು. ಆದುದರಿಂದ ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಎರೆನೆಲದಲ್ಲಿ ಕಟ್ಟುವ ಯಾವ ಸಾರ್ವಜನಿಕ ಕಟ್ಟಡಕ್ಕೂ, ಅದೆಷ್ಟೇ ಚಿಕ್ಕದಿರಲಿ, ಮಣ್ಣಿನ ಪರೀಕ್ಷೆ ಇಲ್ಲದೆ ಬುನಾದಿ ತೋಡಬಾರದು. ಆ ಪರೀಕ್ಷೆಯ ವರದಿ ಕಚೇರಿಯ ಕಡತದಲ್ಲಿ ಮಲಗದೆ ಗ್ರಾಮಸಭೆಯ ಮುಂದೆ ಓದಲ್ಪಡಬೇಕು.

ಒಂದೇ ತಾಲ್ಲೂಕು, ಹಲವು ನೆಲ

ಚಿಂಚೋಳಿ ತಾಲ್ಲೂಕಿನ ನೆಲ ಒಂದೇ ಬಗೆಯದಲ್ಲ. ದಖ್ಖನಿನ ಕಪ್ಪುಶಿಲೆ ಸವೆದು ಉಂಟಾದ ಎರೆ ಒಂದು ಕಡೆ. ಗುಡ್ಡಗಳ ನೆತ್ತಿಯ ಕೆಂಪು ಜಂಬಿಟ್ಟಿಗೆ ಮತ್ತು ಗರಸು ಇನ್ನೊಂದು ಕಡೆ. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರಗಳಲ್ಲಿ ಫರಸಿ ಕಲ್ಲಿಗೂ ಸಿಮೆಂಟಿಗೂ ಆಧಾರವಾದ ಭೀಮಾ ಕೊಳ್ಳದ ಸುಣ್ಣಕಲ್ಲು ದಕ್ಷಿಣದ ಕಡೆಗೆ. ಕಪ್ಪುಶಿಲೆ ಗಟ್ಟಿ; ಅದರ ಮೇಲಿನ ಎರೆ ಚಂಚಲ. ಸುಣ್ಣಕಲ್ಲು ನೋಡಲು ಗಟ್ಟಿಯಾದರೂ ನೀರಿನಲ್ಲಿ ನಿಧಾನವಾಗಿ ಕರಗಿ ಒಳಗೆ ಪೊಳ್ಳುಗಳನ್ನು ಬಿಟ್ಟಿರಬಹುದು. ಒಂದೇ ಊರಿನ ಎರಡು ಓಣಿಗಳಲ್ಲಿ ಎರೆಯ ದಪ್ಪ ಬೇರೆಬೇರೆಯಾಗಿರುವುದುಂಟು. ಇಂತಹ ನೆಲದ ಮೇಲೆ ಎಲ್ಲ ಊರಿಗೂ ಒಂದೇ ಮಾದರಿ ನಕ್ಷೆ, ಒಂದೇ ಆಳದ ಬುನಾದಿ, ಒಂದೇ ಅಂದಾಜು ಪಟ್ಟಿ ಇಟ್ಟುಕೊಂಡು ಕಟ್ಟುವುದು ಎಲ್ಲ ರೋಗಿಗಳಿಗೂ ನಾಡಿ ಹಿಡಿಯದೆ ಒಂದೇ ಔಷಧ ಕೊಟ್ಟಂತೆ.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿರುತ್ತದೆ. ಅದರ ಕಣಗಳು ಅತಿ ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತಿರುತ್ತವೆ. ನೀರು ಈ ಹಾಳೆಗಳ ನಡುವೆ ಹೊಕ್ಕು ಅವುಗಳನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಹಾಳೆಗಳು ಮತ್ತೆ ಸಮೀಪಿಸುತ್ತವೆ. ಮಣ್ಣು ಕುಗ್ಗಿ ಬಿರಿಯುತ್ತದೆ. ಈ ಏರಿಳಿತ ಮೇಲ್ಭಾಗದಲ್ಲಿ ತೀವ್ರವಾಗಿದ್ದು ಆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ದಪ್ಪವಾದ ಎರೆಯಲ್ಲಿ ಸುಮಾರು ಮೂರೂವರೆ ಮೀಟರಿನವರೆಗೂ ಋತುವಿನ ಪರಿಣಾಮ ಇರಬಹುದೆಂದು ಭಾರತದ ತಂತ್ರಜ್ಞರು ಗಣಿಸಿದ್ದಾರೆ. ಮೂರು ನಾಲ್ಕು ಅಡಿ ತೋಡಿ ಕಲ್ಲು ತುಂಬಿದ ಬುನಾದಿಯು ಇಂಥ ಕಡೆ ಮಣ್ಣಿನ ಏರಿಳಿತದ ನಡುವೆಯೇ ನಿಂತಿರುತ್ತದೆ.

ಮಣ್ಣು ಹೇಗೆ ಇಳಿಯುತ್ತದೆ

ನೆಲ ಭಾರವನ್ನು ತಾಳಬಲ್ಲುದೇ ಎಂಬುದು ಒಂದು ಪ್ರಶ್ನೆ. ತಾಳಿಕೊಂಡರೂ ಎಷ್ಟು ಇಳಿಯುತ್ತದೆ ಎಂಬುದು ಮತ್ತೊಂದು. ಎರಡನೆಯದನ್ನು ಲೆಕ್ಕಕ್ಕೆ ತಂದವರಲ್ಲಿ ಕಾರ್ಲ್ ಟೆರ್ಜಾಗಿ ಪ್ರಮುಖರು. ೧೯೨೫ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ಮಣ್ಣಿನ ಯಂತ್ರಶಾಸ್ತ್ರವು ಪ್ರತ್ಯೇಕ ವಿಜ್ಞಾನವಾಗಿ ಬೆಳೆಯಿತು. ಅವರ ತಿಳಿವಿನ ಸಾರ ಸರಳ. ಒದ್ದೆ ಜೇಡಿಯ ಮೇಲೆ ಭಾರ ಬಿದ್ದಾಗ ಮೊದಲು ಆ ಭಾರವನ್ನು ಹೊರುವುದು ಕಣಗಳ ನಡುವಿನ ನೀರು. ಆ ನೀರು ಮೆಲ್ಲಗೆ ಹಿಂಡಿ ಹೋದಂತೆಲ್ಲ ಭಾರವು ಕಣಗಳ ಮೇಲೆ ಬಂದು ಮಣ್ಣು ಬಿಗಿದುಕೊಳ್ಳುತ್ತದೆ, ಕಟ್ಟಡ ಇಳಿಯುತ್ತದೆ. ಮರಳಿನಲ್ಲಿ ಇದು ಬಹುತೇಕ ಕಟ್ಟುವಾಗಲೇ ಮುಗಿಯುತ್ತದೆ. ಜೇಡಿಯಲ್ಲಿ ವರ್ಷಗಳು ಹಿಡಿಯಬಹುದು. ಜೇಡಿಯ ಪದರದ ದಪ್ಪ ಎರಡು ಪಟ್ಟಾದರೆ ತಗಲುವ ಕಾಲ ನಾಲ್ಕು ಪಟ್ಟಾಗುತ್ತದೆ. ಉದ್ಘಾಟನೆಯ ದಿನ ನೆಟ್ಟಗಿದ್ದ ಕಟ್ಟಡ ಐದಾರು ವರ್ಷಗಳ ಮೇಲೆ ಸೀಳುವುದಕ್ಕೆ ಇದೂ ಒಂದು ಕಾರಣ.

ಇಟಲಿಯ ಪೀಸಾ ಗೋಪುರ ಇದಕ್ಕೆ ಜಗತ್ಪ್ರಸಿದ್ಧ ನಿದರ್ಶನ. ೧೧೭೩ರಲ್ಲಿ ಆರಂಭವಾದ ಅದರ ಕೆಲಸ ಕೆಲವೇ ಅಂತಸ್ತುಗಳಾದ ಮೇಲೆ ನಿಂತು ಸುಮಾರು ನೂರು ವರ್ಷ ಸ್ಥಗಿತಗೊಂಡಿತು. ಆ ಅವಧಿಯಲ್ಲಿ ಕೆಳಗಿನ ಜೇಡಿ ಬಿಗಿಗೊಂಡಿತು. ಎಡೆಬಿಡದೆ ಕಟ್ಟಿದ್ದರೆ ಗೋಪುರ ಉರುಳುತ್ತಿತ್ತೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಎಂಟು ಶತಮಾನಗಳ ಬಳಿಕ, ೨೦೦೧ರಲ್ಲಿ ಮುಗಿದ ದುರಸ್ತಿಯಲ್ಲಿ ಗೋಪುರವನ್ನು ಯಾರೂ ತಳ್ಳಿ ನಿಲ್ಲಿಸಲಿಲ್ಲ. ಎತ್ತರವಾಗಿದ್ದ ಬದಿಯ ಬುಡದಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು ಅದು ತಾನಾಗಿಯೇ ಹಿಂದಕ್ಕೆ ವಾಲುವಂತೆ ಮಾಡಲಾಯಿತು. ರೋಗವೂ ಮಣ್ಣಿನದು, ಮದ್ದೂ ಮಣ್ಣಿನದು.

ಕಟ್ಟಡವೆಲ್ಲ ಒಂದೇ ಸಮನಾಗಿ ಇಳಿದರೆ ಹಾನಿ ಕಡಿಮೆ. ಒಂದು ಮೂಲೆ ಇಳಿದು ಇನ್ನೊಂದು ನಿಂತಾಗ, ಅಥವಾ ಒಂದು ಬದಿ ಉಬ್ಬಿ ಮೇಲೆದ್ದಾಗ ಗೋಡೆ ಹರಿಯುತ್ತದೆ. ಎರಡು ಬಿಂದುಗಳ ನಡುವಣ ದೂರದ ಮುನ್ನೂರನೆಯ ಒಂದು ಭಾಗದಷ್ಟು ವ್ಯತ್ಯಾಸವಾದರೆ ಗೋಡೆಗಳಲ್ಲಿ ಬಿರುಕು ಆರಂಭವಾಗಬಹುದೆಂದು ೧೯೫೬ರಲ್ಲಿ ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ವಿಜ್ಞಾನಿಗಳು ಅನೇಕ ಕಟ್ಟಡಗಳನ್ನು ಪರಿಶೀಲಿಸಿ ತೋರಿಸಿದರು. ಮೂರು ಮೀಟರ್ ಅಂತರದ ಎರಡು ಕಂಬಗಳಿಗೆ ಇದನ್ನು ಅನ್ವಯಿಸಿದರೆ ಬರುವ ವ್ಯತ್ಯಾಸ ಕೇವಲ ಒಂದು ಸೆಂಟಿಮೀಟರ್. ಎರೆಗೆ ಅದು ಒಂದು ಮಳೆಗಾಲದ ಕೆಲಸ.

ಚಿಕ್ಕ ಕಟ್ಟಡಕ್ಕೇ ಹೆಚ್ಚು ಅಪಾಯ

ಮಣ್ಣಿನ ಪರೀಕ್ಷೆ ಬಹುಮಹಡಿ ಕಟ್ಟಡಕ್ಕೆ, ಸೇತುವೆಗೆ, ಅಣೆಕಟ್ಟಿಗೆ ಮಾತ್ರ ಬೇಕು, ಒಂದು ಕೋಣೆಯ ಅಂಗನವಾಡಿಗೆ ಏಕೆ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇಳಿತವೊಂದನ್ನೇ ನೋಡಿದರೆ ಈ ಮಾತಿನಲ್ಲಿ ಅರ್ಥವಿರುವಂತೆ ತೋರುತ್ತದೆ. ಭಾರ ಹೆಚ್ಚಿದಂತೆ ಇಳಿತವೂ ಹೆಚ್ಚು. ಆದರೆ ಎರೆಯ ಉಬ್ಬುವಿಕೆಗೆ ಈ ನ್ಯಾಯ ಹೊಂದುವುದಿಲ್ಲ. ಉಬ್ಬುವ ಮಣ್ಣು ಮೇಲಕ್ಕೆ ಒತ್ತುತ್ತದೆ. ಆ ಒತ್ತಡವನ್ನು ಅದುಮಿ ಹಿಡಿಯುವುದು ಕಟ್ಟಡದ ತೂಕ. ಭಾರಿ ಕಟ್ಟಡ ತನ್ನ ತೂಕದಿಂದಲೇ ಅದನ್ನು ತಡೆದೀತು. ಒಂದೇ ಅಂತಸ್ತಿನ ಶಾಲಾ ಕೊಠಡಿ, ಬಡವನ ಎರಡಂಕಣದ ಮನೆ, ಆವರಣದ ಗೋಡೆ, ಬರಿಯ ನೆಲಗಟ್ಟು ಇವು ಹಗುರ. ಮಣ್ಣು ಇವನ್ನು ಎತ್ತಿ ಇಳಿಸುತ್ತದೆ. ಎರೆನೆಲದಲ್ಲಿ ಯಾರ ಕಟ್ಟಡ ಚಿಕ್ಕದೋ ಅವರಿಗೇ ಪರೀಕ್ಷೆಯ ಅಗತ್ಯ ಹೆಚ್ಚು. ಇಂದಿನ ರೂಢಿ ಇದಕ್ಕೆ ವಿರುದ್ಧವಾಗಿ ನಡೆಯುತ್ತಿದೆ.

ಪರೀಕ್ಷೆಯೆಂದೊಡನೆ ದೊಡ್ಡ ಯಂತ್ರಗಳನ್ನೇ ಕಲ್ಪಿಸಿಕೊಳ್ಳಬೇಕಾಗಿಲ್ಲ. ಭಾರತೀಯ ಮಾನಕ ಸಂಸ್ಥೆ ನಿಗದಿಪಡಿಸಿರುವ ಒಂದು ಪರೀಕ್ಷೆ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುವಂಥದು. ಒಲೆಯಲ್ಲಿ ಒಣಗಿಸಿ ನಯವಾಗಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಅಳತೆಯ ಗಾಜುಕೊಳವೆಗಳಲ್ಲಿ ಹಾಕಬೇಕು. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಒಂದು ದಿನ ಬಿಟ್ಟು ಎರಡರ ಮಟ್ಟವನ್ನು ಅಳೆದು, ನೀರಿನಲ್ಲಿ ಎಷ್ಟು ಶೇಕಡಾ ಹೆಚ್ಚು ಉಬ್ಬಿತೆಂದು ಗಣಿಸಬೇಕು. ಅದು ಐವತ್ತನ್ನು ದಾಟಿತೆಂದರೆ ಸಾಧಾರಣ ಬುನಾದಿಯನ್ನು ನಂಬುವಂತಿಲ್ಲ. ಇದರೊಡನೆ ಕೊರೆದ ಗುಂಡಿಯಲ್ಲಿ ೬೩.೫ ಕಿಲೋ ತೂಕದ ಸುತ್ತಿಗೆಯನ್ನು ೭೫ ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ ೩೦ ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುವ ಪರೀಕ್ಷೆಯೂ ಇದೆ. ಪೆಟ್ಟು ಕಡಿಮೆಯಾದಷ್ಟೂ ನೆಲ ಸಡಿಲ. ಈ ಎರಡು ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ತಿಳಿಯಲಾರದ ರೈತನಿಲ್ಲ.

ಪರಿಹಾರ ಪರದೇಶದಿಂದ ಬರಬೇಕಿಲ್ಲ

ಎರೆನೆಲದಲ್ಲಿ ಕಟ್ಟುವ ವಿದ್ಯೆ ಈ ದೇಶದಲ್ಲೇ ಬೆಳೆದಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟು ಕಂಬದ ಬುನಾದಿಯನ್ನು ಅಭಿವೃದ್ಧಿಪಡಿಸಿತು. ನೆಲದಲ್ಲಿ ಕಿರಿದಾದ ಗುಂಡಿ ಕೊರೆದು, ತಳದಲ್ಲಿ ಕಂಬದ ಎರಡೂವರೆ ಪಟ್ಟು ಅಗಲಕ್ಕೆ ಕೆತ್ತಿ, ಕಬ್ಬಿಣ ಇಳಿಸಿ ಕಾಂಕ್ರೀಟು ತುಂಬುತ್ತಾರೆ. ಕಂಬ ಏರಿಳಿತದ ಪದರವನ್ನು ದಾಟಿ ಸ್ಥಿರವಾದ ಆಳಕ್ಕೆ ಹೋಗುತ್ತದೆ. ಗಡ್ಡೆ ಅದನ್ನು ಮೇಲಕ್ಕೆ ಏಳಗೊಡದೆ ಹಿಡಿಯುತ್ತದೆ. ಕಂಬಗಳ ತಲೆಯ ಮೇಲಿನ ತೊಲೆ ಮಣ್ಣಿಗೆ ತಾಗದಂತೆ ಕೆಳಗೆ ಸಂದು ಬಿಡಬೇಕು. ಹಣ ಉಳಿಸಲೆಂದು ಈ ಸಂದನ್ನು ಮುಚ್ಚಿದರೆ ಉಬ್ಬಿದ ಎರೆ ತೊಲೆಯನ್ನೇ ಒತ್ತುತ್ತದೆ.

ಇನ್ನೊಂದು ದಾರಿ ಕರ್ನಾಟಕದ ಅನುಭವಕ್ಕೇ ಸೇರಿದ್ದು. ಮಲಪ್ರಭಾ ಯೋಜನೆಯ ಕಾಲುವೆಗಳು ಎರೆಯಲ್ಲಿ ಹಾದುಹೋಗಬೇಕಾದಾಗ ಮುಂಬಯಿ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿಯವರು ಉಬ್ಬದ ಜಿಗುಟು ಮಣ್ಣಿನ ಪದರವನ್ನು ನಡುವೆ ಹಾಸುವ ವಿಧಾನವನ್ನು ರೂಪಿಸಿದರು. ಸುಮಾರು ಒಂದು ಮೀಟರ್ ದಪ್ಪದ ಇಂತಹ ಪದರವನ್ನು ತೇವ ನೋಡಿ ದಮ್ಮಸು ಮಾಡಿ ಹಾಸಿದರೆ ಕೆಳಗಿನ ಎರೆಯ ಉಬ್ಬು ಬಹುವಾಗಿ ತಗ್ಗುತ್ತದೆ. ಕೇವಲ ಮರಳು ತುಂಬುವುದು ಇದಕ್ಕೆ ಸಮವಲ್ಲ. ಮರಳಿನೊಳಗೆ ನೀರು ಸುಲಭವಾಗಿ ಇಳಿದು ಎರೆಯನ್ನು ನೆನೆಸುತ್ತದೆ.

ಇಲ್ಲಿ ಗುಡ್ಡದ ಜನ ಎಚ್ಚರದಿಂದಿರಬೇಕಾದ ಒಂದು ವಿಷಯವಿದೆ. ಬಯಲಿನ ಬುನಾದಿಗೆ ತುಂಬುವ ಗರಸು ಗುಡ್ಡದಿಂದ ಬರುತ್ತದೆ. ಕುಂಚಾವರಂ ಸುತ್ತಿನ ಕಾಡು ೨೦೧೧ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವೆಂದು ಘೋಷಿತವಾಗಿದೆ. ಅದರ ಹೊರಗಿನ ಗುಡ್ಡಗಳಿಗೆ ಅಂತಹ ರಕ್ಷಣೆ ಇಲ್ಲ. ಎಲ್ಲಿಂದ, ಎಷ್ಟು ಆಳಕ್ಕೆ, ಯಾರ ಒಪ್ಪಿಗೆಯಿಂದ ಗರಸು ತೆಗೆಯುತ್ತಾರೆಂಬುದೂ ಕಟ್ಟಡದ ಅಂದಾಜಿನ ಭಾಗವಾಗಬೇಕು. ಊರಿನ ಒಂದು ಗೋಡೆಯನ್ನು ಉಳಿಸಲು ಗುಡ್ಡದ ಬುಡವನ್ನು ಕಡಿಯುವುದು ವಿವೇಕವಲ್ಲ. ಕಂಬದ ಬುನಾದಿಗೆ ಗರಸು ಕಡಿಮೆ ಸಾಕೆಂಬುದನ್ನು ಆಯ್ಕೆಯ ವೇಳೆ ತೂಗಿನೋಡಬೇಕು.

ಇದೆಲ್ಲ ದುಬಾರಿ ಎಂಬ ಆಕ್ಷೇಪಕ್ಕೆ ಉತ್ತರವಿದೆ. ಪರೀಕ್ಷೆಯ ಖರ್ಚು ಒಮ್ಮೆ ಬರುವಂಥದು. ಬಿರುಕಿಗೆ ಗಾರೆ ಬಡಿದು ಬಣ್ಣ ಬಳಿಯುವ ಖರ್ಚು ವರ್ಷ ವರ್ಷವೂ ಬರುತ್ತದೆ. ಮಣ್ಣು ಕದಲುತ್ತಿರುವವರೆಗೆ ಆ ಗಾರೆ ನಿಲ್ಲುವುದಿಲ್ಲ. ಒಂದೊಂದು ಕಟ್ಟಡಕ್ಕೂ ಹೊಸದಾಗಿ ಆರಂಭಿಸುವ ಬದಲು ಊರಿನ ಕೆಲವು ಕಡೆ ಗುಂಡಿ ತೋಡಿ ಎರೆಯ ದಪ್ಪ, ಕೆಳಗಿನ ಗರಸು ಅಥವಾ ಕಲ್ಲಿನ ಆಳ, ಉಬ್ಬುವ ಪ್ರಮಾಣಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿಟ್ಟರೆ ಮುಂದಿನ ಎಲ್ಲ ಕಟ್ಟಡಗಳಿಗೂ ಅದು ಆಧಾರ. ಆಯಾ ನಿವೇಶನದಲ್ಲಿ ತಾಳೆ ನೋಡಿದರೆ ಸಾಕಾಗುತ್ತದೆ. ೧೯೫೮ರಿಂದ ಕಲಬುರಗಿಯಲ್ಲಿ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿದೆ. ಇಂತಹ ಕಾಲೇಜುಗಳ ವಿದ್ಯಾರ್ಥಿಗಳು ಪಾಠಕ್ಕೆಂದು ಮಾಡುವ ಪ್ರಯೋಗಗಳನ್ನು ಹಳ್ಳಿಗಳ ಮಣ್ಣಿನ ಮೇಲೆ, ಗುರುಗಳ ಮೇಲ್ವಿಚಾರಣೆಯಲ್ಲಿ ಮಾಡಿದರೆ ವಿದ್ಯೆಗೂ ಊರಿಗೂ ಲಾಭ.

ನೆಲ ನಡುಗಿದಾಗ

೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿ ಪ್ರದೇಶದಲ್ಲಿ ಭೂಕಂಪವಾಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ವರ್ಷ ವರ್ಷವೂ ಏರಿಸಿದ ಮಾಳಿಗೆಯ ಮಣ್ಣು ಮಲಗಿದ್ದವರ ಮೇಲೆ ಬಿದ್ದವು. ೨೦೨೧ರ ಅಕ್ಟೋಬರ್ ೧೧ರ ರಾತ್ರಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತಮುತ್ತ ೪.೧ ತೀವ್ರತೆಯ ಕಂಪನವಾಯಿತು. ಜನ ಮನೆ ತೊರೆದು ಬಯಲಿನಲ್ಲಿ ರಾತ್ರಿ ಕಳೆದರು. ಅನೇಕರು ಊರನ್ನೇ ಬಿಟ್ಟು ಹೋದರು. ಮಳೆಯ ನೀರು ಸುಣ್ಣಕಲ್ಲಿನ ಪೊಳ್ಳುಗಳಿಗೆ ಇಳಿಯುವುದರಿಂದ ಇಂತಹ ಸದ್ದು, ಕಂಪನಗಳು ಆಗಬಹುದೆಂದು ತಜ್ಞರು ವಿವರಿಸಿದರು.

ಗಡಿಕೇಶ್ವಾರದ ಕಂಪನ ಕಿಲ್ಲಾರಿಯದಕ್ಕೆ ಹೋಲಿಸಿದರೆ ಅತಿ ಚಿಕ್ಕದು. ಆದರೂ ಅದರ ಪಾಠ ಮಣ್ಣಿನದೇ. ಗಟ್ಟಿ ಶಿಲೆಯ ಮೇಲಿನ ಕಟ್ಟಡಕ್ಕಿಂತ ದಪ್ಪನೆಯ ಮೆತ್ತಗಿನ ಮಣ್ಣಿನ ಮೇಲಿನ ಕಟ್ಟಡ ಹೆಚ್ಚು ಅಲುಗುತ್ತದೆ. ಎರೆಯ ಏರಿಳಿತದಿಂದ ಮೊದಲೇ ಸೀಳಿದ ಗೋಡೆಗೆ ಆ ಅಲುಗಾಟವನ್ನು ತಡೆಯುವ ಶಕ್ತಿ ಉಳಿದಿರುವುದಿಲ್ಲ. ಬೇಸಿಗೆಯ ಬಿರುಕನ್ನು ಅಲಕ್ಷಿಸಿದ ಮನೆ ನಡುಕದ ರಾತ್ರಿಗೆ ಸಿದ್ಧವಾಗಿರುವುದಿಲ್ಲ. ಬುನಾದಿಯ ಮಟ್ಟದಲ್ಲಿ, ಬಾಗಿಲು ಕಿಟಕಿಗಳ ನೆತ್ತಿಯಲ್ಲಿ, ಚಾವಣಿಯ ಕೆಳಗೆ ಸುತ್ತುವರಿದ ಕಾಂಕ್ರೀಟು ಪಟ್ಟಿಗಳು ಈ ಎರಡೂ ಕಷ್ಟಗಳಿಗೆ ನೆರವಾಗುತ್ತವೆ.

ಬಯಲಿನಲ್ಲಿ ಬಿರುಕಾಗುವ ಇದೇ ಕಾರಣ ಬೆಟ್ಟದಲ್ಲಿ ಭೂಕುಸಿತವಾಗುತ್ತದೆ. ಇಳಿಜಾರಿನ ಮಣ್ಣನ್ನು ನಿಲ್ಲಿಸಿರುವುದು ಕಣಗಳ ನಡುವಣ ಘರ್ಷಣೆ. ಮಳೆನೀರು ಒಳಗೆ ತುಂಬಿ ಒತ್ತಡ ಏರಿದಾಗ ಆ ಹಿಡಿತ ಸಡಿಲುತ್ತದೆ; ಬುಡವನ್ನು ಕಡಿದಿದ್ದರೆ ಮೇಲಿನದಕ್ಕೆ ಆಸರೆಯಿರುವುದಿಲ್ಲ. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ, ಅತಿವೃಷ್ಟಿಯ ಜೊತೆಗೆ ರಸ್ತೆ, ಮನೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಕಾರಣವೆಂದು ಗುರುತಿಸಿತು. ೨೦೨೪ರ ಜುಲೈ ೧೬ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡರು. ಚಿಮ್ಮನಚೋಡದ ರೈತನೂ ಕೊಡಗಿನ ಬೆಳೆಗಾರನೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಣ್ಣಿನೊಳಗೆ ನೀರು ಹೊಕ್ಕಾಗ ಏನಾಗುತ್ತದೆಂದು ಕಟ್ಟುವ ಮೊದಲು ಯಾರಾದರೂ ನೋಡಿದರೇ?

ಊರು ಮಾಡಬೇಕಾದದ್ದು

ಸರಕಾರವನ್ನು ಕೇಳುವ ಮೊದಲು ಊರು ತಾನೇ ಮಾಡಿಕೊಳ್ಳಬಹುದಾದ ಕೆಲಸಗಳಿವೆ. ಎರೆಯ ಹಗೆತನ ನೀರಿನ ಏರುಪೇರಿನಿಂದ ಹುಟ್ಟುತ್ತದೆ. ಬಚ್ಚಲ ನೀರು, ನಳದ ಸೋರಿಕೆ, ಮಾಳಿಗೆಯ ದೋಣಿಯ ನೀರು ಗೋಡೆಯ ಬುಡದಲ್ಲಿ ನಿಂತರೆ ಆ ಮೂಲೆ ಮಾತ್ರ ಉಬ್ಬುತ್ತದೆ. ಮನೆಗೆ ನಳ ಬಂದು ಓಣಿಗೆ ಚರಂಡಿ ಬಾರದ ಕಡೆ ಇದು ಹೆಚ್ಚುತ್ತದೆ. ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾದ ಫರಸಿಯ ಜಗುಲಿ ಹಾಸಿ ನೀರನ್ನು ದೂರ ಸಾಗಿಸಬೇಕು. ದೊಡ್ಡ ಮರಗಳ ಬೇರು ಬೇಸಿಗೆಯಲ್ಲಿ ಮಣ್ಣಿನ ತೇವವನ್ನು ಹೀರಿ ಆ ಬದಿಯನ್ನು ಇಳಿಸುತ್ತದೆ. ಮರ ಕಡಿಯುವ ಬದಲು ಹೊಸ ಕಟ್ಟಡವನ್ನು ಮರದಿಂದ ದೂರ ಗುರುತಿಸುವುದು ಲೇಸು.

ಶಾಲೆಯ ಹಿರಿಯ ವಿದ್ಯಾರ್ಥಿಗಳು ತಮ್ಮ ಶಾಲೆಯ ಬಿರುಕುಗಳ ದಾಖಲೆ ಇಡಬಹುದು. ಬಿರುಕಿನ ಎರಡು ತುದಿಗೂ ಅಡ್ಡಲಾಗಿ ಸೀಸದಕಡ್ಡಿಯ ಗೆರೆ ಎಳೆದು ದಿನಾಂಕ ಬರೆದು, ತಿಂಗಳಿಗೊಮ್ಮೆ ಅಗಲ ಅಳೆಯಬೇಕು. ಮಳೆಗಾಲದಲ್ಲಿ ಮುಚ್ಚಿ ಬೇಸಿಗೆಯಲ್ಲಿ ತೆರೆಯುವ ಬಿರುಕು ಎರೆಯದೆಂದು ಊಹಿಸಬಹುದು. ಋತು ಯಾವುದಾದರೂ ಅಗಲವಾಗುತ್ತಲೇ ಇದ್ದರೆ ಬುನಾದಿ ಇಳಿಯುತ್ತಿದೆ. ಮಕ್ಕಳನ್ನು ಆ ಕೊಠಡಿಯಿಂದ ತೆರವುಗೊಳಿಸಿ ಇಂಜಿನಿಯರರನ್ನು ಕರೆಸಬೇಕು. ವರ್ಷವೊಂದರ ಇಂತಹ ಪುಸ್ತಕದ ಮುಂದೆ ‘ಹೊಸ ಗೋಡೆಯಲ್ಲಿ ಇದೆಲ್ಲ ಸಹಜ’ ಎಂಬ ಸಬೂಬು ನಿಲ್ಲುವುದಿಲ್ಲ.

ಇನ್ನುಳಿದದ್ದು ಹಕ್ಕಿನ ಮಾತು. ಪ್ರತಿ ಕಾಮಗಾರಿಯ ಫಲಕದಲ್ಲಿ ಹಣ, ಗುತ್ತಿಗೆದಾರ, ಅವಧಿಗಳ ಜೊತೆಗೆ ಮಣ್ಣು ಪರೀಕ್ಷೆಯ ದಿನಾಂಕ, ಎರೆಯ ದಪ್ಪ, ಉಬ್ಬುವ ಪ್ರಮಾಣ, ಆಯ್ದ ಬುನಾದಿಯ ಬಗೆ ಮತ್ತು ಆಳಗಳನ್ನು ಬರೆಯುವಂತೆ ಗ್ರಾಮಸಭೆ ನಿರ್ಣಯಿಸಬೇಕು. ಬುನಾದಿ ತೋಡಿ ಮುಚ್ಚುವ ಮೊದಲು ಗ್ರಾಮಸ್ಥರ ಸಮ್ಮುಖದಲ್ಲಿ ಆಳ ಅಳೆಯಬೇಕು. ಮುಚ್ಚಿದ ಮೇಲೆ ಅದನ್ನು ಕಂಡವರಿಲ್ಲ. ವರದಿ ಕೊಡದಿದ್ದರೆ ೨೦೦೫ರ ಮಾಹಿತಿ ಹಕ್ಕು ಅಧಿನಿಯಮವಿದೆ. ದಾಖಲೆಯ ಪ್ರತಿ ಪಡೆಯುವುದಷ್ಟೇ ಅಲ್ಲದೆ ಕಾಮಗಾರಿಯನ್ನು ಪರಿಶೀಲಿಸುವುದಕ್ಕೂ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವುದಕ್ಕೂ ಅದರ ೨(ಜೆ) ಪ್ರಕರಣ ನಾಗರಿಕನಿಗೆ ಹಕ್ಕು ಕೊಟ್ಟಿದೆ. ಹಳ್ಳಿಗಳಲ್ಲಿ ಈ ಭಾಗದ ಬಳಕೆ ಇನ್ನೂ ಹೆಚ್ಚಬೇಕಾಗಿದೆ.

ಮುಂಗಾರಿಗೆ ಮುನ್ನ ಭೂಮಿಯ ಹದ ನೋಡದೆ ಬಿತ್ತುವ ರೈತ ಈ ಸೀಮೆಯಲ್ಲಿಲ್ಲ. ಕೈಯಲ್ಲಿ ಹಿಡಿ ಮಣ್ಣು ಹಿಚುಕಿ ನೋಡಿಯೇ ಅವನು ಕೂರಿಗೆ ಹೂಡುತ್ತಾನೆ. ಅಷ್ಟೇ ಎಚ್ಚರವನ್ನು ಮಕ್ಕಳು ಕೂರುವ ಕೊಠಡಿಗೂ ತೋರಬೇಕೆಂದು ಚಿಮ್ಮನಚೋಡದಂತಹ ಊರುಗಳು ಮುಂದಿನ ಗ್ರಾಮಸಭೆಯಲ್ಲಿ ಕೇಳಲಿ, ಕೇಳಿದ್ದನ್ನು ನಡಾವಳಿಯ ಪುಸ್ತಕದಲ್ಲಿ ಬರೆಸಲಿ.